ಲೆಕ್ಕ ಕೇಳುವ ಮಕ್ಕಳನ್ನು ತಡೆಯಬೇಡಿ

ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಿಂದ ಚಿತ್ರದುರ್ಗದ ಕಡೆಗೆ ಹಳಿ ಕವಲೊಡೆಯುವುದು ಚಿಕ್ಕಜಾಜೂರಿನಲ್ಲಿ. ಈ ಊರಿನ ಮತ್ತು ಸುತ್ತಲಿನ ಹಳ್ಳಿಗಳ ಮಕ್ಕಳು ಪದವಿ ಓದಬೇಕಾದರೆ ಹೊಳಲ್ಕೆರೆಗೋ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಬೇಕು. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವರು ಮರಳುವಾಗ ಸಂಜೆಯಾಗಿರುತ್ತದೆ. ಅವರ ತಂದೆ ಗ್ಯಾರೇಜಿನಲ್ಲಿ ದುಡಿಯುವವರು, ತಳ್ಳುಗಾಡಿಯಲ್ಲಿ ಹಣ್ಣು ಮಾರುವವರು, ಅಡಿಕೆ ಮಂಡಿಯಲ್ಲಿ ಮೂಟೆ ಹೊರುವವರು. ಅವರು ಶುಲ್ಕದ ಹಣ ಹೊಂದಿಸಿ ಕೊಡುತ್ತಾರೆ. ಆ ಹಣ ಯಾವ ಲೆಕ್ಕಕ್ಕೆ ಜಮೆಯಾಯಿತು, ರಸೀದಿಯಲ್ಲಿ ಬರೆದದ್ದೆಷ್ಟು, ವಿದ್ಯಾರ್ಥಿವೇತನದ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಮಾತ್ರ ಕೇಳುವುದಿಲ್ಲ. ಕೇಳಬಹುದೆಂಬ ಅರಿವೂ ಹೆಚ್ಚಿನವರಿಗಿಲ್ಲ.

ನಾವು ಶಿಕ್ಷಣದ ಬಗ್ಗೆ ಸಾಕಷ್ಟು ಭಾಷಣ ಮಾಡಿದ್ದೇವೆ. 2006ರಲ್ಲಿ ಸಾಚಾರ್ ವರದಿ ಬಂದ ಬಳಿಕವಂತೂ ಅಂಕಿ-ಅಂಶಗಳಿಲ್ಲದ ಸಮುದಾಯ ಸಭೆಯೇ ಇಲ್ಲ. ಮಕ್ಕಳನ್ನು ಕಾಲೇಜಿಗೆ ಕಳುಹಿಸಿ ಎಂದೆವು. ಕಳುಹಿಸಿದವರೂ ಇದ್ದಾರೆ. ಆದರೆ ಸೇರಿದ ಮಕ್ಕಳಿಗೆ ಸಲ್ಲಬೇಕಾದುದು ಸಲ್ಲುತ್ತಿದೆಯೇ ಎಂದು ನೋಡುವ ವ್ಯವಸ್ಥೆಯನ್ನು ಕಟ್ಟಲಿಲ್ಲ. ಕೇಂದ್ರ ಸರಕಾರದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ, 2019-20ರಲ್ಲಿ ಉನ್ನತ ಶಿಕ್ಷಣದಲ್ಲಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 21 ಲಕ್ಷ. 2020-21ರಲ್ಲಿ ಅದು 19.21 ಲಕ್ಷಕ್ಕೆ ಇಳಿಯಿತು. ಜನಸಂಖ್ಯೆಯಲ್ಲಿ ಶೇ. 14ರಷ್ಟಿರುವ ಸಮುದಾಯದ ಪಾಲು ಒಟ್ಟು ದಾಖಲಾತಿಯಲ್ಲಿ ಶೇ. 4.6 ಮಾತ್ರ. ಇಷ್ಟು ಕಡಿಮೆ ಮಂದಿ ಒಳಹೋಗುವಾಗ, ಹೋದವರಲ್ಲಿ ಒಬ್ಬನೇ ಒಬ್ಬ ಶುಲ್ಕದ ಕಾರಣಕ್ಕೋ ಬಾರದ ವಿದ್ಯಾರ್ಥಿವೇತನದ ಕಾರಣಕ್ಕೋ ಹೊರಬಂದರೂ ಅದು ದೊಡ್ಡ ನಷ್ಟ.

ಆದ್ದರಿಂದಲೇ, ಚಿಕ್ಕಜಾಜೂರಿನಂಥ ಊರುಗಳ ಮಕ್ಕಳು ಓದುವ ಪ್ರತಿಯೊಂದು ಕಾಲೇಜಿನಲ್ಲೂ ಲೆಕ್ಕ ಕೇಳುವ ಸಣ್ಣದೊಂದು ವಿದ್ಯಾರ್ಥಿ ಗುಂಪು ಹುಟ್ಟಬೇಕೆಂದು ನಾವು ಹೇಳುತ್ತಿದ್ದೇವೆ. ಹತ್ತು ಮಂದಿ ಸಾಕು. ಅವರಿಗೆ ಧ್ವಜ ಬೇಡ, ಘೋಷಣೆ ಬೇಡ. ಒಂದು ದಾಖಲೆ ಪುಸ್ತಕ, ಒಂದಿಷ್ಟು ಕಾಯ್ದೆಯ ತಿಳುವಳಿಕೆ ಮತ್ತು ತಾಳ್ಮೆ ಇದ್ದರೆ ಆಯಿತು.

ಲೆಕ್ಕ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಎದುರೇ ಪುರಾವೆಯಿದೆ. 2023ರ ಆಗಸ್ಟ್‌ನಲ್ಲಿ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಹಗರಣದ ಕುರಿತು ಸಿಬಿಐ ಮೊಕದ್ದಮೆ ದಾಖಲಿಸಿತು. ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು ಪರಿಶೀಲನೆಗೆ ಒಳಪಡಿಸಿದ 1,572 ಸಂಸ್ಥೆಗಳಲ್ಲಿ 830 ಸಂಸ್ಥೆಗಳು ಒಂದೋ ನಕಲಿ, ಇಲ್ಲವೇ ಅಸ್ತಿತ್ವದಲ್ಲೇ ಇಲ್ಲದವು ಎಂದು ಕಂಡುಬಂತು. 2017-18ರಿಂದ 2021-22ರವರೆಗೆ ಈ ಸಂಸ್ಥೆಗಳ ಹೆಸರಲ್ಲಿ ಹೋದ ಹಣ 144.83 ಕೋಟಿ ರೂಪಾಯಿ. ಕರ್ನಾಟಕದಲ್ಲಿಯೂ ಪರಿಶೀಲಿಸಿದ ಸಂಸ್ಥೆಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಈ ಪಟ್ಟಿಯಲ್ಲಿದ್ದವು. ಸಂಸ್ಥೆಯ ನೋಡಲ್ ಅಧಿಕಾರಿ ಪರಿಶೀಲಿಸಬೇಕಿತ್ತು, ಅದರ ಮೇಲೆ ಜಿಲ್ಲಾ ನೋಡಲ್ ಅಧಿಕಾರಿ ನೋಡಬೇಕಿತ್ತು. ಕಾಗದದಲ್ಲಿ ಎರಡು ಹಂತದ ಕಾವಲು. ಆದರೂ ಇಲ್ಲದ ವಿದ್ಯಾರ್ಥಿಗಳ ಖಾತೆಗೆ ಹಣ ಹೋಯಿತು. ಯಾರ ಹಣ? ಕೂಲಿ ಮಾಡುವವರ ಮಕ್ಕಳ ಹಣ. ಕದ್ದವರಾರು? ಹೊರಗಿನವರೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಸಮುದಾಯದ ಹೆಸರು ಹೇಳಿಕೊಂಡು ನಡೆಯುವ ಸಂಸ್ಥೆಗಳ ಮೇಲೂ ಆರೋಪ ಬಂದಿತ್ತು. ಇದಾಗುವ ಮೊದಲೇ, 2022ರಲ್ಲಿ, ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನೂ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ಕೇಂದ್ರ ಸರಕಾರ ನಿಲ್ಲಿಸಿತ್ತು. ಬರುವ ಹಣವೇ ಕಡಿಮೆಯಾಗುತ್ತಿರುವಾಗ ಸೋರಿಕೆಯನ್ನು ತಡೆಯುವ ಹೊಣೆ ಇನ್ನಷ್ಟು ಹೆಚ್ಚು.

ಒಂದು ವೇಳೆ ಪ್ರತಿ ಕಾಲೇಜಿನಲ್ಲೂ ಹತ್ತು ಮಂದಿ ಹುಡುಗ-ಹುಡುಗಿಯರು ವರ್ಷಕ್ಕೊಮ್ಮೆ, 'ನಮ್ಮ ಸಂಸ್ಥೆಯಿಂದ ಎಷ್ಟು ಅರ್ಜಿ ಹೋಯಿತು? ಎಷ್ಟು ಮಂಜೂರಾಯಿತು? ಎಷ್ಟು ತಿರಸ್ಕೃತವಾಯಿತು, ಯಾವ ಕಾರಣಕ್ಕೆ?' ಎಂದು ಕೇಳಿ ಉತ್ತರವನ್ನು ನೋಟಿಸು ಬೋರ್ಡಿಗೆ ಅಂಟಿಸಿದ್ದರೆ? ಇಲ್ಲದ ಕಾಲೇಜಿನಲ್ಲಿ ಕೇಳುವವರು ಇರುವುದಿಲ್ಲ, ನಿಜ. ಆದರೆ ಎಲ್ಲ ಕಡೆ ಉತ್ತರ ಬರುವ ಜಿಲ್ಲೆಯಲ್ಲಿ ಉತ್ತರ ಬಾರದ ಸಂಸ್ಥೆ ತಾನಾಗಿಯೇ ಎದ್ದು ಕಾಣುತ್ತದೆ.

ಲೆಕ್ಕ ತಪ್ಪಿದ್ದು ವಿದ್ಯಾರ್ಥಿವೇತನದಲ್ಲಿ ಮಾತ್ರವಲ್ಲ. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯಾದುದನ್ನು ಹೆತ್ತವರು ಮರೆತಿರಲಾರರು. ಮಾರ್ಚ್ 21ರ ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ಮರುಪರೀಕ್ಷೆ ಎಂದರು. ಅದರ ಪ್ರಶ್ನೆಪತ್ರಿಕೆಯೂ ಸೋರಿತು. ಕೊನೆಗೆ ಪರೀಕ್ಷೆ ನಡೆದದ್ದು ಎಪ್ರಿಲ್ 12ರಂದು. ಇಲಾಖೆ ಎಚ್ಚೆತ್ತುಕೊಂಡದ್ದು ಮಕ್ಕಳು ಬೀದಿಗಿಳಿದ ಮೇಲೆ. ಇನ್ನು ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯ ಕತೆ. 2025ರ ಫೆಬ್ರವರಿಯಲ್ಲಿ, ಆಂಧ್ರಪ್ರದೇಶದ ವಿಶ್ವವಿದ್ಯಾಲಯವೊಂದಕ್ಕೆ ಒಳ್ಳೆಯ ಶ್ರೇಣಿ ಕೊಡಲು ಲಂಚ ಪಡೆದ ಆರೋಪದಲ್ಲಿ ಪರಿಶೀಲನಾ ಸಮಿತಿಯ ಸದಸ್ಯರನ್ನೇ ಸಿಬಿಐ ಬಂಧಿಸಿತು. ಆರೋಪ ನಿಜವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ಹೊರಗಿನಿಂದ ವರ್ಷಗಳಿಗೊಮ್ಮೆ ಬರುವ ಸಮಿತಿ ನೋಡಿಕೊಳ್ಳುತ್ತದೆಂದು ನಾವು ನಿಶ್ಚಿಂತರಾಗುವಂತಿಲ್ಲ ಎಂಬುದಂತೂ ಸ್ಪಷ್ಟವಾಯಿತು. ಒಂದು ಕಾಲೇಜಿನ ಶೌಚಾಲಯದಲ್ಲಿ ನೀರು ಬರುತ್ತದೆಯೇ, ಗ್ರಂಥಾಲಯದಲ್ಲಿ ಪುಸ್ತಕ ಸಿಗುತ್ತದೆಯೇ, ಅತಿಥಿ ಉಪನ್ಯಾಸಕರ ನೇಮಕವಾಗದೆ ಎಷ್ಟು ತಿಂಗಳು ಪಾಠ ನಿಂತಿತ್ತು ಎಂಬುದು ಅಲ್ಲಿ ದಿನವೂ ಕೂರುವ ವಿದ್ಯಾರ್ಥಿಗೆ ತಿಳಿದಷ್ಟು ಬೇರಾರಿಗೂ ತಿಳಿಯದು.

ಆದರೆ ಈ ಮಾತು ಹೇಳುತ್ತಲೇ ಮನೆಯಲ್ಲಿ ಭಯ ಏಳುತ್ತದೆ. 'ಇದೆಲ್ಲ ನಿನಗೇಕೆ? ಓದು, ಪಾಸಾಗು, ಮನೆಗೆ ಬಾ' ಎನ್ನುತ್ತಾರೆ ಅಬ್ಬಾ. ಅಮ್ಮಿಗೆ ಇನ್ನೂ ಹೆಚ್ಚಿನ ಭಯ. ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. 2022ರ ಆರಂಭದ ತಿಂಗಳುಗಳಲ್ಲಿ ಹಿಜಾಬಿನ ಹೆಸರಿನಲ್ಲಿ ಕಾಲೇಜಿನ ಗೇಟುಗಳ ಮುಂದೆ ಏನೇನು ನಡೆಯಿತೆಂದು ಎಲ್ಲರೂ ನೋಡಿದ್ದಾರೆ. ಅದೇ ವರ್ಷ ಸೆಪ್ಟೆಂಬರ್ 28ರಂದು ಕೇಂದ್ರ ಸರಕಾರ ಪಿಎಫ್‌ಐಯೊಂದಿಗೆ ಕ್ಯಾಂಪಸ್ ಫ್ರಂಟನ್ನೂ ನಿಷೇಧಿಸಿತು. ಆ ಬಳಿಕ ಮುಸ್ಲಿಮ್ ಹುಡುಗನೊಬ್ಬ ಕಾಲೇಜಿನಲ್ಲಿ 'ಸಂಘಟನೆ' ಎಂಬ ಪದ ಉಚ್ಚರಿಸಿದರೂ ಹೆತ್ತವರ ನಿದ್ದೆ ಹಾರಿಹೋಗುತ್ತದೆ. ಆಂತರಿಕ ಅಂಕಗಳು ಉಪನ್ಯಾಸಕರ ಕೈಯಲ್ಲಿವೆ ಎಂಬ ಭಯ ಬೇರೆ.

ಆದರೆ ಆ ಹಿಜಾಬ್ ಪ್ರಕರಣವನ್ನೇ ತುಸು ನಿಧಾನವಾಗಿ ನೋಡೋಣ. ಬೀದಿಯಲ್ಲಿ ಬಟ್ಟೆಯ ಚರ್ಚೆ ನಡೆಯಿತು. ನ್ಯಾಯಾಲಯದಲ್ಲಿ ಎದ್ದ ಇನ್ನೊಂದು ಪ್ರಶ್ನೆ ಬೀದಿಗೆ ಬರಲೇ ಇಲ್ಲ. ಸಮವಸ್ತ್ರವನ್ನು ತೀರ್ಮಾನಿಸುವ ಕಾಲೇಜು ಅಭಿವೃದ್ಧಿ ಸಮಿತಿ ಯಾವುದು? ಅದಕ್ಕೆ ಅಧಿಕಾರ ಬಂದದ್ದು ಎಲ್ಲಿಂದ? ಪದವಿಪೂರ್ವ ಕಾಲೇಜುಗಳಲ್ಲಿ ಸ್ಥಳೀಯ ಶಾಸಕರ ಅಧ್ಯಕ್ಷತೆಯ ಈ ಸಮಿತಿಗಳು ರಚನೆಯಾದದ್ದು 2014ರ ಜನವರಿ 31ರ ಸುತ್ತೋಲೆಯಿಂದ. ಎಂಟು ವರ್ಷ ಆ ಸಮಿತಿ ನಮ್ಮ ಮಕ್ಕಳ ಕಾಲೇಜಿನಲ್ಲೇ ಇತ್ತು. ಅದರ ಸಭೆ ಯಾವಾಗ ನಡೆಯುತ್ತದೆ, ಸದಸ್ಯರಾರು, ನಡಾವಳಿಯಲ್ಲಿ ಏನು ಬರೆದಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೆವು? ಸಮಿತಿಯ ಬಗ್ಗೆ ನಾವು ವಿಚಾರಿಸಲು ಹೊರಟದ್ದು, ಅದರ ತೀರ್ಮಾನ ನಮ್ಮ ಹೆಣ್ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿದ ಮೇಲೆ. ಮೌನ ನಮ್ಮನ್ನು ರಕ್ಷಿಸುತ್ತದೆಂಬುದು ಬರೇ ಭ್ರಮೆ. ಬಿಕ್ಕಟ್ಟು ಎದ್ದಾಗ ಮಾತ್ರ ಪ್ರಶ್ನಿಸುವವನನ್ನು ಗಲಾಟೆಗಾರ ಎನ್ನುತ್ತಾರೆ. ಸದಾ, ಎಲ್ಲರ ಪರವಾಗಿ, ಎಲ್ಲ ವಿಷಯದಲ್ಲೂ ಶಾಂತವಾಗಿ ಪ್ರಶ್ನಿಸುತ್ತಾ ಬಂದವನಿಗೆ ಆ ಹೆಸರು ಅಂಟುವುದು ಕಷ್ಟ.

ಅಂದಹಾಗೆ, ಇಂತಹ ಗುಂಪಿಗೆ ಕಾಯ್ದೆಯ ಆಸರೆ ಬೇಕಾದಷ್ಟಿದೆ. ಕರ್ನಾಟಕದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕ್ಯಾಂಪಸ್ ಚುನಾವಣೆಗಳು ನಿಂತುಹೋಗಿದ್ದರಿಂದ ವಿದ್ಯಾರ್ಥಿಗೆ ಧ್ವನಿಯೇ ಇಲ್ಲವೆಂದು ಅನೇಕರು ಭಾವಿಸಿದ್ದಾರೆ. ಅದು ಪೂರ್ತಿ ಸರಿಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಸರಕಾರಿ ಕಾಲೇಜಿಗೂ, ಸರಕಾರದ ಗಣನೀಯ ಅನುದಾನದಲ್ಲಿ ನಡೆಯುವ ಕಾಲೇಜಿಗೂ ಅನ್ವಯಿಸುತ್ತದೆ. ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಪ್ರತಿಗೆ ಪುಟಕ್ಕೆ 2 ರೂಪಾಯಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಅದು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಇದು ತಿಳಿಯದೆ ಹತ್ತು ವಿಷಯಗಳನ್ನು ಒಂದೇ ಹಾಳೆಯಲ್ಲಿ ತುಂಬಿಸಿದರೆ ಅರ್ಜಿ ಮರಳಿ ಬರಬಹುದು. ಇನ್ನೊಬ್ಬರ ವೈಯಕ್ತಿಕ ವಿವರ ಕೇಳಿದರೂ ನಿರಾಕರಣೆಯೇ ಗತಿ. ಹೆಸರುಗಳನ್ನು ಬಿಟ್ಟು ಸಂಖ್ಯೆ, ದಿನಾಂಕ, ಮೊತ್ತ ಮತ್ತು ಕಾರಣಗಳನ್ನು ಕೇಳಬೇಕು.

ಉತ್ತರ ಪತ್ರಿಕೆಯ ವಿಷಯವನ್ನೇ ನೋಡಿ. ಪರೀಕ್ಷೆ ಬರೆದವನಿಗೆ ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಇದೆಯೆಂದು ಸುಪ್ರೀಮ್ ಕೋರ್ಟು 2011ರ ಆಗಸ್ಟ್ 9ರಂದು ತೀರ್ಪಿತ್ತಿತು. ಆದರೂ ಮಂಡಳಿಗಳು ದುಬಾರಿ ಶುಲ್ಕ ವಿಧಿಸುತ್ತಾ ಆ ಹಕ್ಕನ್ನು ಕಾಗದದಲ್ಲೇ ಉಳಿಸಿದವು. ದಿಲ್ಲಿಯ ಕಾನೂನು ವಿದ್ಯಾರ್ಥಿಗಳು 'ವಿಸಲ್ ಫಾರ್ ಪಬ್ಲಿಕ್ ಇಂಟರೆಸ್ಟ್' ಎಂಬ ಸಣ್ಣ ಗುಂಪು ಕಟ್ಟಿಕೊಂಡು ಇದನ್ನು ಬೆನ್ನುಹತ್ತಿದರು. 2016ರಲ್ಲಿ ಸುಪ್ರೀಮ್ ಕೋರ್ಟು ತನ್ನ ಹಳೆಯ ತೀರ್ಪನ್ನು ಚಾಚೂತಪ್ಪದೆ ಪಾಲಿಸುವಂತೆ ಸಿಬಿಎಸ್‌ಇಗೆ ಸೂಚಿಸಿತು. 2019ರ ಎಪ್ರಿಲ್‌ನಲ್ಲಿ ಕಂಪೆನಿ ಸೆಕ್ರೆಟರಿಗಳ ಸಂಸ್ಥೆಗೆ ಸಂಬಂಧಿಸಿದ ಪ್ರಕರಣದಲ್ಲಿ, ಈ ಕಾಯ್ದೆಯಡಿ ಅರ್ಜಿ ಸಲ್ಲಿಸಿದರೆ ಕಾಯ್ದೆ ಹೇಳಿದ ಶುಲ್ಕವನ್ನಷ್ಟೇ ಪಡೆಯಬೇಕೆಂದಿತು. ಕೈಯಲ್ಲಿ ಕಲ್ಲಿಲ್ಲದೆ, ಬಾಯಲ್ಲಿ ಘೋಷಣೆಯಿಲ್ಲದೆ ಕೆಲವೇ ವಿದ್ಯಾರ್ಥಿಗಳು ಸಾಧಿಸಿದ್ದು ಇದು. ಅದರ ಪ್ರಯೋಜನ ಹೊಳಲ್ಕೆರೆಯ ವಿದ್ಯಾರ್ಥಿಗೂ ಇದೆ.

ಯುಜಿಸಿಯ ನಿಯಮಗಳೂ ನಮ್ಮ ನೆರವಿಗಿವೆ. 2023ರ ಎಪ್ರಿಲ್ 11ರಂದು ಜಾರಿಗೊಂಡ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿಯಂತೆ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಪ್ರತಿನಿಧಿಯೊಬ್ಬರನ್ನು ಒಳಗೊಂಡ ಸಮಿತಿ ಇರಬೇಕು. ದೂರು ತಲುಪಿದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ 2024ರ ಜೂನ್‌ನಲ್ಲಿ, ಓಂಬುಡ್ಸ್‌ಪರ್ಸನ್ ಅನ್ನೇ ನೇಮಿಸದ 157 ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಪ್ರಕಟಿಸಬೇಕಾಯಿತು. ಕರ್ನಾಟಕದ ವಿಶ್ವವಿದ್ಯಾಲಯಗಳೂ ಅದರಲ್ಲಿದ್ದವು. ನಿಯಮವಿದ್ದರೂ ಕೇಳುವವರಿಲ್ಲದಿದ್ದರೆ ಹೀಗೆಯೇ. ಅದೇ ರೀತಿ, ಕಾಲೇಜು ಮೂಲ ಅಂಕಪಟ್ಟಿಗಳನ್ನು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲವೆಂದು ಯುಜಿಸಿ 2018ರ ಅಕ್ಟೋಬರ್‌ನಲ್ಲಿಯೇ ಹೇಳಿದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಸೀಟು ಬಿಟ್ಟರೆ ಸಣ್ಣ ಮೊತ್ತದ ಪ್ರಕ್ರಿಯಾ ಶುಲ್ಕ ಮುರಿದುಕೊಂಡು ಉಳಿದದ್ದೆಲ್ಲ ಮರಳಿಸಬೇಕೆಂದೂ ಹೇಳಿದೆ. ಸೀಟು ಬಿಟ್ಟ ಮಗನ ಅಂಕಪಟ್ಟಿಗಾಗಿ ಕಚೇರಿಯ ಮುಂದೆ ಕೈಕಟ್ಟಿ ನಿಲ್ಲುವ ಎಷ್ಟು ತಂದೆಯರಿಗೆ ಇದು ತಿಳಿದಿದೆ?

ಹಾಗಿದ್ದರೆ ಗುಂಪು ಹೇಗಿರಬೇಕು? ನಮ್ಮ ಅಭಿಪ್ರಾಯದಲ್ಲಿ ಮೊತ್ತಮೊದಲ ಷರತ್ತು, ಅದು ಮುಸ್ಲಿಮರ ಗುಂಪಾಗಿರಬಾರದು. ಶುಲ್ಕದ ಹೊರೆ ಮೀನುಗಾರರ ಮಗನಿಗೂ, ದಲಿತ ಕೇರಿಯ ಹುಡುಗಿಗೂ, ಎರಡೆಕರೆ ಮೆಕ್ಕೆಜೋಳ ಬೆಳೆಯುವ ರೈತನ ಮಗನಿಗೂ ಒಂದೇ. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗಗಳ ವಿದ್ಯಾರ್ಥಿವೇತನಗಳು ತಡವಾಗುವುದೂ ಅದೇ ಕಚೇರಿಗಳಲ್ಲಿ. ನಮ್ಮ ಮಕ್ಕಳು ಅವರ ಅರ್ಜಿಯನ್ನೂ ಬರೆದುಕೊಡಲಿ, ಅವರ ಹೆಸರುಗಳ ನಡುವೆ ನಮ್ಮವರ ಸಹಿಯೂ ಇರಲಿ. ಹತ್ತು ಸಹಿಗಳಲ್ಲಿ ಎಲ್ಲ ಜಾತಿ-ಧರ್ಮದವರೂ ಇರುವ ಪತ್ರವನ್ನು ಕಸದ ಬುಟ್ಟಿಗೆ ಹಾಕುವುದು ಸುಲಭವಲ್ಲ. ಒಬ್ಬನ ಆಂತರಿಕ ಅಂಕ ಕಡಿತಗೊಳಿಸಿ ಸೇಡು ತೀರಿಸುವುದೂ ಸುಲಭವಲ್ಲ. ಹೆಣ್ಮಕ್ಕಳು ಗುಂಪಿನ ಮುಂಚೂಣಿಯಲ್ಲಿರಲಿ. ಲೈಂಗಿಕ ಕಿರುಕುಳದ ದೂರುಗಳನ್ನು ನೋಡುವ ಆಂತರಿಕ ದೂರು ಸಮಿತಿ ಕಾಲೇಜಿನಲ್ಲಿದೆಯೇ, ಅದರ ಸದಸ್ಯರ ಹೆಸರು ಗೋಡೆಯ ಮೇಲಿದೆಯೇ ಎಂಬ ಪ್ರಶ್ನೆಯನ್ನು ಅವರಲ್ಲದೆ ಇನ್ನಾರು ಗಟ್ಟಿಯಾಗಿ ಕೇಳಿಯಾರು?

ಎರಡನೆಯದಾಗಿ, ಬರವಣಿಗೆ. ಬಾಯಿಮಾತಿನ ದೂರಿಗೆ ಆಯುಷ್ಯವಿಲ್ಲ. ಪ್ರಾಂಶುಪಾಲರಿಗೆ ವಿನಯದ ಪತ್ರ ಬರೆಯಬೇಕು, ಇನ್ನೊಂದು ಪ್ರತಿಗೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು, ಅದನ್ನು ಪುಸ್ತಕದಲ್ಲಿ ದಾಖಲಿಸಬೇಕು. ಆರೋಪಿಸುವ ಮೊದಲು ಕೇಳಬೇಕು. ಹೆಚ್ಚಿನ ಸಮಸ್ಯೆಗಳು ಅಲ್ಲಿಯೇ ಮುಗಿಯುತ್ತವೆ; ಯಾಕೆಂದರೆ ಒಳ್ಳೆಯ ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ ಇಲಾಖೆಯ ಮುಂದೆ ಇಡಲು ಇಂಥದೊಂದು ಪತ್ರ ಬೇಕಾಗಿರುತ್ತದೆ. ಸಿಬ್ಬಂದಿಯಿಲ್ಲದೆ, ಅನುದಾನವಿಲ್ಲದೆ ಒದ್ದಾಡುವ ಅಧ್ಯಾಪಕರನ್ನು ಶತ್ರುಗಳಂತೆ ಕಾಣುವ ಗುಂಪು ಆರು ತಿಂಗಳೂ ಬಾಳದು.

ಮೂರನೆಯದು, ಪಕ್ಷಗಳಿಂದ ದೂರವಿರುವುದು. 1973ರ ಡಿಸೆಂಬರ್‌ನಲ್ಲಿ ಅಹ್ಮದಾಬಾದಿನ ಎಲ್.ಡಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಹಾಸ್ಟೆಲಿನ ಊಟದ ಶುಲ್ಕ ಏರಿದ್ದನ್ನು ಪ್ರಶ್ನಿಸಿದರು. ನವನಿರ್ಮಾಣ ಚಳವಳಿಯೆಂದು ಹೆಸರಾದ ಆ ಹೋರಾಟ 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯ್ ಪಟೇಲರ ರಾಜೀನಾಮೆಯೊಂದಿಗೆ ಒಂದು ಘಟ್ಟ ತಲುಪಿತು. ಊಟದ ಬಿಲ್ಲಿನ ಪ್ರಶ್ನೆಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಆ ದಿನಗಳ ಹಿಂಸೆಯಲ್ಲಿ ಸುಮಾರು ನೂರು ಮಂದಿ ಪ್ರಾಣ ಕಳೆದುಕೊಂಡರು, ಪಕ್ಷಗಳು ಚಳವಳಿಯನ್ನು ತಮ್ಮ ಏಣಿಯಾಗಿ ಮಾಡಿಕೊಂಡವು. ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತು ಸಂಗಾತಿಗಳ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಹಿಡಿದ ದಾರಿ ಬೇರೆ. 1994ರಿಂದ ಅವರು ಹಳ್ಳಿಗಳಲ್ಲಿ ಕಾಮಗಾರಿಯ ಬಿಲ್ಲು ಮತ್ತು ಹಾಜರಿ ಪಟ್ಟಿಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಸತ್ತವರ ಹೆಸರಿನಲ್ಲಿ ಕೂಲಿ ಪಾವತಿಯಾಗಿದ್ದು ಅಲ್ಲೇ ಬಯಲಾಯಿತು. ಆ ಓದುವಿಕೆಯಿಂದ ಬೆಳೆದ ಬೇಡಿಕೆಯೇ ಮುಂದೆ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆಯನ್ನು ತಂದಿತು. ನಮ್ಮ ಕಾಲೇಜು ಮಕ್ಕಳಿಗೆ ಮಾದರಿ ಬೇಕಿದ್ದರೆ ಇದು.

ನಾಲ್ಕನೆಯದು, ತಮ್ಮದೇ ಲೆಕ್ಕ. ಅರ್ಜಿಗೆಂದು ತಲಾ 20 ರೂಪಾಯಿ ಸಂಗ್ರಹಿಸಿದರೂ ಖರ್ಚಿನ ಪಟ್ಟಿಯನ್ನು ತಿಂಗಳ ಕೊನೆಗೆ ಎಲ್ಲರೂ ನೋಡುವಂತೆ ಇಡಬೇಕು. ಪ್ರತಿ ವರ್ಷ ಹೊಣೆಗಾರರು ಬದಲಾಗಬೇಕು. ಲೆಕ್ಕ ಕೊಡದವರಿಗೆ ಲೆಕ್ಕ ಕೇಳುವ ನೈತಿಕತೆ ಇರುವುದಿಲ್ಲ.

ಈ ಮಾತು ಮಕ್ಕಳಿಗೆ ಮಾತ್ರ ಸೀಮಿತವಲ್ಲ ಎಂಬುದನ್ನೂ ಹೇಳಬೇಕಾಗಿದೆ. ಖಲೀಫಾ ಉಮರ್(ರ)ರನ್ನು ತುಂಬಿದ ಸಭೆಯಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿ ಅವರ ಅಂಗಿಯ ಬಟ್ಟೆಯ ಬಗ್ಗೆ ಪ್ರಶ್ನಿಸಿದ ಕತೆಯನ್ನು ಮಿಂಬರ್‌ನಿಂದ ಕೇಳಿ ತಲೆದೂಗುವ ನಾವು, ನಮ್ಮ ಮೊಹಲ್ಲಾದ ಜಮಾಅತ್ ಸಭೆಯಲ್ಲಿ ಲೆಕ್ಕ ಕೇಳಿದ ಯುವಕನನ್ನು ಫಿತ್ನಾ ಮಾಡುವವನೆಂದು ಕೂರಿಸುತ್ತೇವೆ. 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷರಾಗಿದ್ದ ಅನ್ವರ್ ಮಾಣಿಪ್ಪಾಡಿಯವರ ವರದಿ ಕರ್ನಾಟಕದಲ್ಲಿ ಸುಮಾರು 27 ಸಾವಿರ ಎಕರೆ ವಕ್ಫ್ ಭೂಮಿ ದುರುಪಯೋಗವಾಗಿದೆಯೆಂದು ಆರೋಪಿಸಿತು. ಪಕ್ಷಗಳು ಆ ವರದಿಯನ್ನು ಪರಸ್ಪರರ ಮೇಲೆ ಎಸೆಯುವ ಕಲ್ಲಾಗಿಸಿಕೊಂಡವು. ಅಂಕಿ ಸರಿಯೋ ತಪ್ಪೋ ಎಂಬ ವಾದ ಅತ್ತ ಇರಲಿ. ನಮ್ಮ ಊರಿನ ವಕ್ಫ್ ಆಸ್ತಿ ಎಷ್ಟು, ಬಾಡಿಗೆ ಎಷ್ಟು, ಅದರಲ್ಲಿ ಎಷ್ಟು ಮಕ್ಕಳು ಓದಿದರು ಎಂದು ನಾವೇ ವರ್ಷವರ್ಷ ಕೇಳಿ ಗೋಡೆಗೆ ಅಂಟಿಸಿದ್ದರೆ, ಆ ಪ್ರಶ್ನೆಯನ್ನು ಇನ್ನೊಬ್ಬರು ಆಯುಧವಾಗಿ ಬಳಸುವ ಸಂದರ್ಭ ಬರುತ್ತಿತ್ತೇ? ಕಾಲೇಜಿನಲ್ಲಿ ಪ್ರಶ್ನಿಸಲು ಕಲಿತ ಮಕ್ಕಳು ನಾಳೆ ಮಸೀದಿ ಸಮಿತಿಯಲ್ಲೂ, ನಮ್ಮದೇ ವಿದ್ಯಾಸಂಸ್ಥೆಗಳಲ್ಲೂ ಪ್ರಶ್ನಿಸುತ್ತಾರೆ. ಹಿರಿಯರು ಅದಕ್ಕೆ ಸಿದ್ಧರಾಗಬೇಕು. ಬಹುಶಃ ಮಕ್ಕಳನ್ನು ತಡೆಯುವಾಗ ನಮ್ಮೊಳಗೆ ಕೆಲಸ ಮಾಡುವ ಭಯಗಳಲ್ಲಿ ಇದೂ ಒಂದು.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಬಾರಿ ಶುಲ್ಕದ ಹಣ ಕೊಡುವಾಗ ರಸೀದಿ ತಂದು ತೋರಿಸಲು ಮಗಳಿಗೋ ಮಗನಿಗೋ ಹೇಳಿ. ರಸೀದಿಯಲ್ಲಿ ಕೊಟ್ಟದ್ದಕ್ಕಿಂತ ಕಡಿಮೆ ಬರೆದಿದ್ದರೆ ಏಕೆಂದು ಪತ್ರ ಬರೆದು ಕೇಳಲಿ. ಅವರ ತರಗತಿಯ ಇನ್ನೂ ಒಂಬತ್ತು ಮಂದಿ ಆ ಪತ್ರಕ್ಕೆ ಸಹಿ ಹಾಕಿದರೆ ಗುಂಪು ಹುಟ್ಟಿತೆಂದೇ ಅರ್ಥ. ಆ ಪತ್ರ ಓದಿ ನೋಡಿ, ಭಾಷೆ ಒರಟಾಗಿದ್ದರೆ ತಿದ್ದಿ. ಆದರೆ ಹರಿದು ಹಾಕಬೇಡಿ.